ಜ್ವರ ಬಂದವರೇ ಬದಲಿ ಹುಡುಕಬೇಕೆ?

ನರ್ಸ್ ಒಬ್ಬರಿಗೆ ಸಂಜೆ ಹೊತ್ತಿಗೆ ಜ್ವರ ಏರಿತೆನ್ನಿ. ಅವರು ಫೋನು ಹಿಡಿದು ಕೂರುತ್ತಾರೆ. ‘ಅಕ್ಕಾ, ಇವತ್ತೊಂದು ನೈಟ್ ನೋಡ್ಕೊಳ್ತೀರಾ? ನಿಮ್ಮ ಭಾನುವಾರದ ಡ್ಯೂಟಿ ನಾನು ಮಾಡ್ಕೊಡ್ತೀನಿ.’ ಒಬ್ಬರ ಮಗಳಿಗೆ ನಾಳೆ ಪರೀಕ್ಷೆ, ಇನ್ನೊಬ್ಬರು ಬೆಳಿಗ್ಗೆಯಷ್ಟೇ ನೈಟ್ ಮುಗಿಸಿ ಮಲಗಿದ್ದಾರೆ, ಮತ್ತೊಬ್ಬರು ಫೋನು ಎತ್ತುವುದಿಲ್ಲ. ಕೊನೆಗೆ ಡೋಲೊ 650 ನುಂಗಿ, ಸ್ವೆಟರಿನ ಮೇಲೆ ಕೋಟು ಹಾಕಿಕೊಂಡು ಡ್ಯೂಟಿಗೆ ಹೊರಡುತ್ತಾರೆ. ಯಾರೋ ಒಪ್ಪಿಕೊಂಡು ಮನೆಯಲ್ಲಿ ಮಲಗುವ ಅವಕಾಶ ಸಿಕ್ಕರೂ ನೆಮ್ಮದಿ ಇರುವುದಿಲ್ಲ. ತನ್ನಿಂದ ಇನ್ನೊಬ್ಬಳಿಗೆ ಡಬಲ್ ಡ್ಯೂಟಿ ಬಿತ್ತಲ್ಲ, ನಾಳೆ ಹೋದಾಗ ಮುಖ ಹೇಗೆ ತೋರಿಸಲಿ ಎಂಬ ಅಳುಕು ಜ್ವರದ ಜೊತೆಗೇ ಮಲಗಿರುತ್ತದೆ. ಈ ಅಳುಕನ್ನು ನಾವು ಬಹಳ ವರ್ಷಗಳಿಂದ ಕರ್ತವ್ಯನಿಷ್ಠೆ ಎಂದು ಕರೆದು ಹೊಗಳುತ್ತಿದ್ದೇವೆ. ಹಾಗೆ ಹೊಗಳುವುದನ್ನು ನಿಲ್ಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹುದ್ದೆಗಳನ್ನು ಮಂಜೂರು ಮಾಡುವಾಗ ಯಾರೋ ಕಡಿಮೆ ಹಾಕಿದ ಲೆಕ್ಕದ ಬಾಕಿಯನ್ನು ನರ್ಸ್ ತನ್ನ ಮನಸ್ಸಾಕ್ಷಿಯಿಂದ ತೀರಿಸುತ್ತಿದ್ದಾಳೆ. ಸಾಲ ಅವಳದಲ್ಲ.

ಲೆಕ್ಕ ಎಂದೆನಲ್ಲ, ಅದನ್ನೇ ಮಾಡಿ ನೋಡೋಣ. ಕೋಲಾರ ಜಿಲ್ಲೆಯಲ್ಲಿ ಆಂಧ್ರದ ಗಡಿ ಮುಟ್ಟುವ ಮುಳಬಾಗಿಲು ತಾಲ್ಲೂಕಿನಲ್ಲಿ ತಾಯಲೂರು ಒಂದು ಹೋಬಳಿ ಕೇಂದ್ರ. ಇಂಥ ಊರಿನ ಸುತ್ತಲಿನ ಹಳ್ಳಿಗಳಿಗೆ ಸರ್ಕಾರಿ ಆಸ್ಪತ್ರೆ ಹಗಲು ರಾತ್ರಿ ಬೇಕು. ಹೆರಿಗೆ ನೋವು ಹೊತ್ತು ನೋಡಿ ಬರುವುದಿಲ್ಲ. ತ್ರೀ ಫೇಸ್ ಕರೆಂಟು ರಾತ್ರಿ ಬಂತೆಂದು ಟೊಮೆಟೊ ತೋಟಕ್ಕೆ ನೀರು ಹಾಯಿಸಲು ಹೋದವರಿಗೆ ಹಾವು ಕಚ್ಚುವುದೂ ಹಾಗೆಯೇ. ದಿನದ ಇಪ್ಪತ್ತನಾಲ್ಕು ಗಂಟೆ ತೆರೆದಿರುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾವ ಹೊತ್ತಿಗೂ ಒಬ್ಬರಾದರೂ ನರ್ಸ್ ಇರಲೇಬೇಕು ಎಂದಿಟ್ಟುಕೊಳ್ಳಿ. 2012ರ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡದ ಪ್ರಕಾರ, ತಿಂಗಳಿಗೆ 20ಕ್ಕಿಂತ ಕಡಿಮೆ ಹೆರಿಗೆ ಆಗುವ ಕೇಂದ್ರಕ್ಕೆ ಕನಿಷ್ಠ ಮೂವರು ಸ್ಟಾಫ್ ನರ್ಸ್ ಸಾಕಿತ್ತು. ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ ಮೂವರಿಂದ 144 ಗಂಟೆ. ಯಾರಿಗೂ ನೆಗಡಿಯೂ ಆಗದ ವಾರದಲ್ಲೇ 24 ಗಂಟೆ, ಎಂದರೆ ಇಡೀ ಒಂದು ದಿನ, ಖಾಲಿ. ಆ ಒಂದು ದಿನವನ್ನು ಮೂವರೂ ತಮ್ಮ ವಾರದ ರಜೆ ಬಿಟ್ಟು, ಹನ್ನೆರಡು ಗಂಟೆಯ ನೈಟ್ ಮಾಡಿ, ಹಬ್ಬಕ್ಕೆ ಊರಿಗೆ ಹೋಗದೆ ತುಂಬಿಸುತ್ತಿರುತ್ತಾರೆ. ಮೂರೂ ಹುದ್ದೆ ಭರ್ತಿಯಾಗಿರುವ ಕಡೆಯ ಮಾತಿದು.

ವರ್ಷಕ್ಕೆ ಹರಡಿ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ವಾರದ ರಜೆ 52 ದಿನ, ಗಳಿಕೆ ರಜೆ 30 ದಿನ, ಸಾಂದರ್ಭಿಕ ರಜೆ 10 ದಿನ ಎಂದು ಹಿಡಿಯೋಣ. ಉಳಿಯುವುದು 273 ದಿನ, ಎಂಟು ಗಂಟೆಯಂತೆ 2,184 ಗಂಟೆ. ವರ್ಷದಲ್ಲಿರುವುದು 8,760 ಗಂಟೆ. ಭಾಗಿಸಿದರೆ ನಾಲ್ಕು. ಹಬ್ಬದ ರಜೆ ಯಾರಿಗೂ ಇಲ್ಲ, ಕಾಯಿಲೆ ಯಾರಿಗೂ ಇಲ್ಲ ಎಂದರೂ ಒಂದು ಕುರ್ಚಿಗೆ ನಾಲ್ವರು ಬೇಕು. ಕರ್ನಾಟಕ ನಾಗರಿಕ ಸೇವಾ ನಿಯಮಾವಳಿ ಕಾಯಂ ನೌಕರರಿಗೆ ವರ್ಷಕ್ಕೆ 20 ದಿನ ಅರ್ಧ ವೇತನ ರಜೆ ಕೊಡುತ್ತದೆ. ವೈದ್ಯರ ಪ್ರಮಾಣಪತ್ರ ಕೊಟ್ಟರೆ ಅದನ್ನು ಅರ್ಧ ದಿನಗಳಿಗೆ ಇಳಿಸಿ ಪೂರ್ಣ ವೇತನದ ಪರಿವರ್ತಿತ ರಜೆಯಾಗಿ ಪಡೆಯಬಹುದು. ಆ 20 ದಿನವನ್ನೂ ಲೆಕ್ಕಕ್ಕೆ ಸೇರಿಸಿದರೆ ಒಂದು ಕುರ್ಚಿಗೆ 4.33 ಜನ. ಈಗ ಇನ್ನೊಂದು ಅಂಕಿಯನ್ನು ಇದರ ಪಕ್ಕದಲ್ಲಿಡಿ. 1991-92ರಲ್ಲಿ ಕೇಂದ್ರ ಹಣಕಾಸು ಸಚಿವಾಲಯದ ಸ್ಟಾಫ್ ಇನ್‌ಸ್ಪೆಕ್ಷನ್ ಯೂನಿಟ್ ಕೇಂದ್ರ ಸರ್ಕಾರದ ಆಸ್ಪತ್ರೆಗಳಿಗೆ ನರ್ಸ್‌ಗಳ ಸಂಖ್ಯೆ ನಿಗದಿ ಮಾಡುವಾಗ, ಬೇಕಾದ ಹುದ್ದೆಗಳ ಮೇಲೆ ವಾರದ ರಜೆ, ಇತರ ರಜೆಗಳಿಗೆಂದು ಶೇ 45ರಷ್ಟು ಹುದ್ದೆಗಳನ್ನು ಹೆಚ್ಚಾಗಿ ಸೇರಿಸಬೇಕು ಎಂದಿತು. ಮೂರಕ್ಕೆ ಶೇ 45 ಸೇರಿಸಿದರೆ 4.35. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಲ್ಲೂ ಶೇ 30ರಷ್ಟು ರಜೆ ಮೀಸಲು ಇದೆ. ಖರ್ಚು ಕಡಿತ ಮಾಡುವುದನ್ನೇ ಕಸುಬಾಗಿಸಿಕೊಂಡಿದ್ದ ಹಣಕಾಸು ಸಚಿವಾಲಯದ ಘಟಕವೇ ಮೂರು ದಶಕದ ಹಿಂದೆ ಒಪ್ಪಿಕೊಂಡ ಮಾತಿದು: ನರ್ಸ್‌ಗೂ ಕಾಯಿಲೆ ಬರುತ್ತದೆ, ಹೆರಿಗೆಯಾಗುತ್ತದೆ, ರಜೆ ಬೇಕಾಗುತ್ತದೆ, ಅದಕ್ಕಾಗಿ ಮೊದಲೇ ಜನರನ್ನು ಇಟ್ಟುಕೊಂಡಿರಬೇಕು. ಹೋಬಳಿ ಆಸ್ಪತ್ರೆಯ ಮಂಜೂರಾತಿ ಪಟ್ಟಿಯಲ್ಲಿ ಆ ಒಪ್ಪಿಗೆ ಮಾಯವಾಗಿದೆ. ಮಾಯವಾದದ್ದು ಹುದ್ದೆ, ಅದರ ಜಾಗದಲ್ಲಿ ಬಂದು ಕೂತದ್ದು ಅಳುಕು.

ಹಾಗೆಂದು ಈ ಅಳುಕು ಮನಸ್ಸಿನ ದೌರ್ಬಲ್ಯ, ‘ರಜೆ ಹಾಕಿ, ಆರಾಮಾಗಿರಿ, ತಲೆ ಕೆಡಿಸಿಕೊಳ್ಳಬೇಡಿ’ ಎಂದು ಬುದ್ಧಿ ಹೇಳಿದರೆ ಸಾಕು ಎಂದು ಯಾರೂ ತಿಳಿಯಬಾರದು. ಅಳುಕಿಗೆ ಕಾರಣ ನಿಜವಾಗಿಯೂ ಇದೆ. ಒಬ್ಬರೇ ಇರುವ ನೈಟಿನಲ್ಲಿ ಆ ಒಬ್ಬರು ಬಾರದಿದ್ದರೆ ಹೆರಿಗೆಗೆ ಬಂದವರನ್ನು ಮುಳಬಾಗಿಲಿಗೋ ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಗೋ ಕಳಿಸಬೇಕಾಗುತ್ತದೆ. ದಾರಿಯಲ್ಲಿ ಏನಾದರೂ ಆಗಬಹುದು. ಸ್ವೀಡನ್ನಿನಲ್ಲಿ ಗುನ್ನಾರ್ ಅರೋನ್ಸನ್ ಮತ್ತು ಸಂಗಡಿಗರು 2000ನೇ ಇಸವಿಯಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಕಾಯಿಲೆಯಿದ್ದೂ ಕೆಲಸಕ್ಕೆ ಹೋಗುವವರು ಯಾರು ಎಂದು 3,801 ದುಡಿಯುವ ಜನರನ್ನು ಕೇಳಿ ನೋಡಿತು. ಆರೈಕೆಯ ಕೆಲಸದವರು ಮತ್ತು ಶಿಕ್ಷಕರು ಮುಂದಿದ್ದರು. ತಾವಿಲ್ಲದಾಗ ಕೆಲಸ ಮಾಡಲು ಬೇರೆಯವರು ಇಲ್ಲದವರು, ಮರಳಿದಾಗ ಬಿಟ್ಟ ಕೆಲಸವನ್ನೆಲ್ಲ ತಾವೇ ಮಾಡಬೇಕಾದವರು ಹೆಚ್ಚಾಗಿ ಹಾಗೆ ಹೋಗುತ್ತಿದ್ದರು. ಅಮೆರಿಕದ ಫಿಲಡೆಲ್ಫಿಯಾ ಮಕ್ಕಳ ಆಸ್ಪತ್ರೆಯಲ್ಲಿ ನಡೆದು 2015ರಲ್ಲಿ ಪ್ರಕಟವಾದ ಸಮೀಕ್ಷೆ ಇನ್ನೂ ಹತ್ತಿರದಿಂದ ತೋರಿಸುತ್ತದೆ. ಅಲ್ಲಿ ಉತ್ತರಿಸಿದ 536 ವೈದ್ಯರು, ಹಿರಿಯ ದರ್ಜೆಯ ನರ್ಸ್‌ಗಳು ಮುಂತಾದವರಲ್ಲಿ ಶೇ 95ರಷ್ಟು ಮಂದಿ, ಕಾಯಿಲೆಯಿಟ್ಟುಕೊಂಡು ಕೆಲಸ ಮಾಡಿದರೆ ರೋಗಿಗೆ ಅಪಾಯ ಎಂದು ನಂಬಿದ್ದರು. ಆದರೂ ಹಿಂದಿನ ವರ್ಷದಲ್ಲಿ ಒಮ್ಮೆಯಾದರೂ ಹಾಗೆ ಕೆಲಸ ಮಾಡಿದವರು ಶೇ 83. ಏಕೆ ಎಂದರೆ, ಜೊತೆಯವರ ಮೇಲೆ ಹೊರೆ ಹಾಕಬಾರದೆಂದು. ಹೆಚ್ಚುಕಡಿಮೆ ಎಲ್ಲರದೂ ಅದೇ ಉತ್ತರ. ರೋಗಿಗೆ ಕೆಡುಕು ಎಂದು ಗೊತ್ತಿದ್ದೂ ಜೊತೆಗಾರ್ತಿಯ ಮುಖ ನೋಡಿ ಬರುತ್ತಾರೆ ಎಂದರೆ ಅದು ತಿಳಿವಳಿಕೆಯ ಕೊರತೆಯಲ್ಲ. ಆಳಿನ ಕೊರತೆ.

ರೋಗಿಗೆ ಆಗುವ ಕೆಡುಕು ಏನು ಎಂಬುದನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು, ಏಕೆಂದರೆ ‘ಸೇವೆ’ ಎಂಬ ಮಾತು ಹೇಳುವವರು ರೋಗಿಯ ಹೆಸರಿನಲ್ಲೇ ಹೇಳುತ್ತಾರೆ. ರಾತ್ರಿ ಮೂರು ಗಂಟೆಗೆ ತುಂಬು ಗರ್ಭಿಣಿಯೊಬ್ಬರನ್ನು ಕರೆತರುತ್ತಾರೆ, ಬಿ.ಪಿ. ಏರಿದೆ, ಬರುವ ದಾರಿಯಲ್ಲೇ ಒಮ್ಮೆ ಫಿಟ್ಸ್ ಬಂದಿದೆ. ಮೆಗ್ನೀಷಿಯಂ ಸಲ್ಫೇಟ್ ಕೊಡಬೇಕು. ಒಂದೊಂದರಲ್ಲಿ ಒಂದು ಗ್ರಾಂ ಔಷಧವಿರುವ ಹತ್ತು ಆಂಪೂಲ್‌ಗಳನ್ನು ಒಡೆಯಬೇಕು, ಐದೈದು ಗ್ರಾಂ ಎಳೆದುಕೊಂಡು ಎರಡೂ ಪಿರ್ರೆಗೆ ಆಳವಾಗಿ ಚುಚ್ಚಬೇಕು, ಅಷ್ಟರಲ್ಲಿ 108ಕ್ಕೆ ಕರೆ ಹೋಗಿರಬೇಕು, ಹೊಟ್ಟೆಯಲ್ಲಿನ ಕೂಸಿನ ಎದೆಬಡಿತ ಕೇಳಬೇಕು, ರೆಫರಲ್ ಚೀಟಿ ಬರೆಯಬೇಕು, ಹೊರಗೆ ಅಳುತ್ತಿರುವ ಅತ್ತೆಗೆ ತೆಲುಗಿನಲ್ಲಿ ಸಮಾಧಾನ ಹೇಳಬೇಕು. ಎಷ್ಟು ಆಂಪೂಲ್ ಒಡೆದೆ ಎಂಬ ಎಣಿಕೆ ನಡುವೆ ತಪ್ಪಬಾರದು. ಮೈಯಲ್ಲಿ 102 ಡಿಗ್ರಿ ಜ್ವರವಿದ್ದು, ಕಣ್ಣು ಉರಿಯುತ್ತಿರುವವರ ಕೈಯಲ್ಲಿ ಈ ಎಣಿಕೆ ಇರಲಿ ಎಂದು ಯಾವ ತಾಯಿಯೂ ಬಯಸುವುದಿಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾದ ಆಸ್ಪತ್ರೆಗಳ ನರ್ಸ್‌ಗಳನ್ನು ಕುರಿತು ಸೂಸನ್ ಲೆಟ್‌ವಾಕ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೈ ಸರಿಯಿಲ್ಲದೆ ಕೆಲಸಕ್ಕೆ ಬಂದವರಲ್ಲಿ ಔಷಧ ಕೊಡುವಾಗಿನ ತಪ್ಪುಗಳೂ ರೋಗಿಗಳು ಬೀಳುವ ಪ್ರಕರಣಗಳೂ ಹೆಚ್ಚಿದ್ದವು. ಸೋಂಕಿನ ವಿಷಯ ಬೇರೆಯೇ. ಗ್ಲಾಸ್ಗೋದಲ್ಲಿ ವೃದ್ಧರನ್ನು ದೀರ್ಘಕಾಲ ನೋಡಿಕೊಳ್ಳುವ ಆಸ್ಪತ್ರೆಗಳಲ್ಲಿ ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಬ್ಬಂದಿಗೆ ಫ್ಲೂ ಲಸಿಕೆ ಹಾಕಿದ ಕಡೆ ರೋಗಿಗಳ ಸಾವು ಶೇ 10, ಹಾಕದ ಕಡೆ ಶೇ 17. ಲಸಿಕೆ ಬಿದ್ದದ್ದು ನರ್ಸ್‌ನ ತೋಳಿಗೆ; ಉಳಿದದ್ದು ಮಂಚದ ಮೇಲಿದ್ದ ಅಜ್ಜಿಯ ಜೀವ. ಹೆರಿಗೆ ಕೋಣೆಯಲ್ಲಿ ಕೂಸನ್ನು ಮೊದಲು ಮುಟ್ಟುವ ಕೈ, ಅದರ ಮುಖದ ಹತ್ತಿರ ಮೊದಲು ಬರುವ ಉಸಿರು ನರ್ಸ್‌ನದು. ಕೆಮ್ಮುತ್ತ ಬಂದವರನ್ನು ಮನೆಗೆ ಕಳಿಸುವುದೇ ಆ ಕೂಸಿಗೆ ಮಾಡುವ ಸೇವೆ.

ಆದರೂ ಇದು ಉಳಿದ ನೌಕರಿಗಳಂಥದ್ದಲ್ಲ, ಸೇವೆ, ತ್ಯಾಗ ಎಂಬ ಮಾತು ಬಂದೇ ಬರುತ್ತದೆ. ಪ್ರತಿ ಮೇ 12ಕ್ಕೆ ನರ್ಸಿಂಗ್ ಕಾಲೇಜುಗಳಲ್ಲಿ ದೀಪ ಹಚ್ಚಿ ಪ್ರತಿಜ್ಞೆ ಮಾಡಿಸುವಾಗ ಎದುರಿಗಿರುವ ಚಿತ್ರ ಫ್ಲಾರೆನ್ಸ್ ನೈಟಿಂಗೇಲ್ ಅವರದು. ಅವರ ಬದುಕಿನ ಒಂದು ಭಾಗವನ್ನು ಆ ಸಮಾರಂಭಗಳಲ್ಲಿ ಯಾರೂ ಹೇಳುವುದಿಲ್ಲ. 1855ರ ಮೇ ತಿಂಗಳಲ್ಲಿ ಕ್ರಿಮಿಯಾ ಯುದ್ಧಭೂಮಿಯಲ್ಲಿ ಅವರು ಜ್ವರದಿಂದ ಸಾಯುವ ಸ್ಥಿತಿಗೆ ಹೋಗಿದ್ದರು. ಊರಿಗೆ ಮರಳಿದ ಮೇಲೆ, ಬಹುಶಃ ಅದೇ ಕಾಯಿಲೆಯ ಬಾಧೆಯಿಂದ, ಹಲವಾರು ವರ್ಷ ಹಾಸಿಗೆ ಹಿಡಿದರು. ಭಾರತದಲ್ಲಿನ ಸೇನೆಯ ನೈರ್ಮಲ್ಯದ ಬಗ್ಗೆ 1863ರಲ್ಲಿ ಬಂದ ರಾಯಲ್ ಕಮಿಷನ್ ವರದಿಗೆ ಅವರು ದುಡಿದದ್ದೂ, ನರ್ಸಿಂಗ್ ಶಿಕ್ಷಣಕ್ಕೆ ಅಡಿಪಾಯ ಹಾಕಿದ್ದೂ ಮಲಗಿದಲ್ಲಿಂದ. ತಮ್ಮ ಮೈಯ ಮಿತಿಯನ್ನು ಅವರು ಒಪ್ಪಿಕೊಂಡಿದ್ದರು, ಮತ್ತು ಆ ಮಿತಿಯೊಳಗೆ ದುಡಿಯುವ ಅನುಕೂಲ ಅವರಿಗಿತ್ತು. ನಮ್ಮ ಕಾಲಕ್ಕೆ ಬಂದರೆ, 2018ರಲ್ಲಿ ಕೇರಳದ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ ನಿಪಾ ರೋಗಿಯನ್ನು ನೋಡಿಕೊಂಡು ಅದೇ ಸೋಂಕಿನಿಂದ ತೀರಿಕೊಂಡಾಗ ಇಡೀ ದೇಶ ಕಣ್ಣೀರು ಹಾಕಿತು. ಆ ಗೌರವ ಸಲ್ಲಬೇಕಾದದ್ದೇ. ಆದರೆ ಸತ್ತ ನರ್ಸ್‌ಗೆ ನಮಸ್ಕಾರ, ಜ್ವರ ಬಂದ ನರ್ಸ್‌ಗೆ ‘ನಿಜವಾಗ್ಲೂ ಹುಷಾರಿಲ್ವಾ?’ ಎಂಬ ಪ್ರಶ್ನೆ; ಇವೆರಡೂ ಒಂದೇ ಸಮಾಜದ ಬಾಯಿಂದ ಬರುತ್ತಿವೆ ಎಂಬುದು ನನ್ನನ್ನು ಕಾಡುತ್ತದೆ. ರೋಗಿಗಳ ನಡುವೆ ದುಡಿಯುವವರಿಗೆ ರೋಗ ಬರುವುದು ಆ ಕೆಲಸದ್ದೇ ಭಾಗ. ಅಂಥ ಕೆಲಸದಲ್ಲಿ ಕಾಯಿಲೆ ರಜೆ ಬೇರೆ ಕಚೇರಿಗಳಿಗಿಂತ ಸುಲಭವಾಗಿ ಸಿಗಬೇಕಿತ್ತು.

ಮೇಲಧಿಕಾರಿಗಳು ಎತ್ತುವ ಆಕ್ಷೇಪ ಇನ್ನೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಸುಳ್ಳು ಹೇಳಿ ರಜೆ ಹಾಕುವವರು ಇದ್ದಾರೆ, ಸೋಮವಾರ ಜ್ವರ ಬರುವವರಿದ್ದಾರೆ, ದುಡ್ಡು ಕೊಟ್ಟರೆ ಸರ್ಟಿಫಿಕೇಟೂ ಸಿಗುತ್ತದೆ, ಸಡಿಲ ಬಿಟ್ಟರೆ ಆಸ್ಪತ್ರೆ ನಡೆಯುವುದಿಲ್ಲ ಎಂಬುದು. ಇದ್ದಾರೆ, ಒಪ್ಪೋಣ. ಎಲ್ಲ ಇಲಾಖೆಯಲ್ಲೂ ಇದ್ದಾರೆ. ಆದರೆ ಅಳುಕು ಯಾರಿಗೆ ಹುಟ್ಟುತ್ತದೆ? ಸುಳ್ಳು ಹೇಳಿ ರಜೆ ಹಾಕುವವರಿಗೆ ಅದು ಇರುವುದಿಲ್ಲ. ಇದ್ದಿದ್ದರೆ ಅವರು ಹಾಗೆ ಮಾಡುತ್ತಿರಲಿಲ್ಲ. ನಾಚಿಕೆಯ ಮೂಲಕ ರಜೆಗೆ ಕಡಿವಾಣ ಹಾಕುವ ಪದ್ಧತಿ ಹಿಡಿಯುವುದು ನಿಷ್ಠೆಯವರನ್ನು ಮಾತ್ರ. ಕಳ್ಳರು ಅದರಿಂದ ಸಲೀಸಾಗಿ ನುಸುಳಿಕೊಳ್ಳುತ್ತಾರೆ, ಮತ್ತು ಅವರು ಬಿಟ್ಟ ಡ್ಯೂಟಿಯೂ ನಿಷ್ಠೆಯವರ ತಲೆಗೇ ಬರುತ್ತದೆ. ದುರುಪಯೋಗ ತಡೆಯಲು ನಿಯಮಾವಳಿಯಲ್ಲಿ ಬೇಕಾದಷ್ಟು ದಾರಿಗಳಿವೆ; ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ ಎಂಬ ಮಾತೇ ಅದರಲ್ಲಿದೆ. ಹಾಜರಿ ಪುಸ್ತಕ ನೋಡಿ ಪದೇ ಪದೇ ತಪ್ಪಿಸುವವರನ್ನು ಕರೆದು ಕೇಳಲಿ. ಮೂರು ವರ್ಷ ಒಂದೂ ಕಾಯಿಲೆ ರಜೆ ಹಾಕದವರನ್ನೂ ಒಮ್ಮೆ ಕರೆದು ಕೇಳಲಿ. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ ನಡೆದ ವೈಟ್‌ಹಾಲ್ ಅಧ್ಯಯನದ 2005ರ ವರದಿಯೊಂದರ ಪ್ರಕಾರ, ಆರೋಗ್ಯ ಸರಿಯಿಲ್ಲದಿದ್ದರೂ ಮೂರು ವರ್ಷ ಕಾಯಿಲೆ ರಜೆಯನ್ನೇ ಹಾಕದ ಪುರುಷರಲ್ಲಿ ಗಂಭೀರ ಹೃದ್ರೋಗದ ಪ್ರಮಾಣ, ಅಷ್ಟಿಷ್ಟು ರಜೆ ಹಾಕಿದವರಿಗಿಂತ ಎರಡು ಪಟ್ಟು ಇತ್ತು. ಒಂದು ವಾರದ ರಜೆ ಉಳಿಸಲು ಹೋಗಿ ಒಬ್ಬ ನುರಿತ ನರ್ಸ್‌ನನ್ನೇ ಕಳೆದುಕೊಳ್ಳುವುದು ಯಾವ ಆಡಳಿತಕ್ಕೂ ಲಾಭವಲ್ಲ.

ಇಷ್ಟು ಹೊತ್ತು ಹೇಳಿದ್ದು ಬಹುಪಾಲು ಕಾಯಂ ನೌಕರರ ಮಾತು. ಅದಕ್ಕಿಂತ ಕೆಳಗೆ ಅಳುಕಿನ ಜೊತೆಗೆ ಸಂಬಳದ ಭಯ ಸೇರಿಕೊಳ್ಳುತ್ತದೆ. ಒಳಗುತ್ತಿಗೆ, ಹೊರಗುತ್ತಿಗೆಯ ನರ್ಸ್‌ಗಳಿಗೆ ಪ್ರತಿ ರಜೆಯ ಹಿಂದೆ ಮುಂದಿನ ವರ್ಷದ ನವೀಕರಣದ ಚಿಂತೆ. 2023ರ ಆರಂಭದಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಒಳಗುತ್ತಿಗೆ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ವಾರಗಟ್ಟಲೆ ಧರಣಿ ಕೂತದ್ದು ಕಾಯಮಾತಿಗಾಗಿ; ಸಿಕ್ಕಿದ್ದು ಶೇ 15ರ ವೇತನ ಹೆಚ್ಚಳ. ಖಾಸಗಿಯಲ್ಲಿ, ತಿಂಗಳಿಗೆ 21,000 ರೂಪಾಯಿ ಒಳಗೆ ಸಂಬಳವಿದ್ದು ಇಎಸ್‌ಐ ಕಟ್ಟುವವರಿಗೆ ಕಾಯಿಲೆ ಬಿದ್ದಾಗ ಸಂಬಳದ ಶೇ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಇದು ಒಳ್ಳೆಯ ಕಾನೂನು, ಆದರೆ ಹತ್ತಕ್ಕಿಂತ ಕಡಿಮೆ ಜನರಿರುವ ನರ್ಸಿಂಗ್ ಹೋಂ ಇದರ ಹೊರಗೆ ಉಳಿಯುತ್ತದೆ. ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಹೂಡಿದ ದಾವೆಯಲ್ಲಿ 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದಂತೆ ರಚನೆಯಾದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಿಲ್ಲದ ಸಂಬಳ, ರಜೆ ಮತ್ತು ಕೆಲಸದ ಅವಧಿಯಲ್ಲಿ ಸರ್ಕಾರಿ ನರ್ಸ್‌ಗಳಿಗೆ ಸಮನಾದ ಸೌಲಭ್ಯ ಇರಬೇಕೆಂದು ಶಿಫಾರಸು ಮಾಡಿತು. ಶಿಫಾರಸಿಗೆ ಹಲ್ಲು ಕೊಡಬೇಕಾದದ್ದು ರಾಜ್ಯಗಳ ಕಾನೂನು.

ದುಡ್ಡೆಲ್ಲಿದೆ, ನರ್ಸ್‌ಗಳೆಲ್ಲಿದ್ದಾರೆ ಎಂದು ಕೇಳುವವರಿಗೆ ಉತ್ತರ ಕೋಲಾರ ಜಿಲ್ಲೆಯಲ್ಲೇ ಇದೆ. ಇಟಿಸಿಎಂ ಮಿಷನ್ ಆಸ್ಪತ್ರೆ ಕಳೆದ ಶತಮಾನದ ಆರಂಭದಿಂದ ಇಲ್ಲಿದೆ, ಟಮಕದಲ್ಲಿ ವೈದ್ಯಕೀಯ ಕಾಲೇಜಿದೆ, ನರ್ಸಿಂಗ್ ಕಾಲೇಜುಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶದಲ್ಲೇ ಮುಂಚೂಣಿಯಲ್ಲಿದೆ. ಇಲ್ಲಿ ಕಲಿತವರು ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ, ಇಂಗ್ಲೆಂಡಿಗೆ ಹೋಗುತ್ತಿದ್ದಾರೆ. ಜನ ಇದ್ದಾರೆ, ಹುದ್ದೆ ಇಲ್ಲ. ಇನ್ನು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ನಾಲ್ಕನೆಯವರನ್ನೂ ಐದನೆಯವರನ್ನೂ ಕೊಡುವವರೆಗೆ ಕಾಯಬೇಕಾಗಿಯೂ ಇಲ್ಲ. ಮುಳಬಾಗಿಲು ತಾಲ್ಲೂಕು ಆಸ್ಪತ್ರೆಗೆ ನಾಲ್ಕೈದು ಮೀಸಲು ನರ್ಸ್‌ಗಳನ್ನು ಕೊಟ್ಟು, ಎಲ್ಲಿ ಕರೆ ಬಂತೋ ಅಲ್ಲಿಗೆ, ತಾಯಲೂರಿಗೋ ಆವಣಿಗೋ ಬೈರಕೂರಿಗೋ, ಕಳಿಸಬಹುದು. ಅವರು ತಾಲ್ಲೂಕಿನವರೇ ಆಗಿದ್ದರೆ ಇನ್ನೂ ಒಳ್ಳೆಯದು, ತೆಲುಗು ಬರುತ್ತದೆ, ಹಳ್ಳಿಯ ದಾರಿ ಗೊತ್ತಿರುತ್ತದೆ. ಕರೆ ಬಾರದ ದಿನ ತಾಲ್ಲೂಕು ಆಸ್ಪತ್ರೆಯ ವಾರ್ಡಿನಲ್ಲಿ ದುಡಿಯುತ್ತಾರೆ. ಅಲ್ಲೂ ಕೈ ಹೆಚ್ಚಾಯಿತೆಂದು ಯಾರೂ ದೂರುವುದಿಲ್ಲ. ಒಬ್ಬ ನರ್ಸ್‌ನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಶಸ್ತ್ರಚಿಕಿತ್ಸೆಯಾದವರಲ್ಲಿ 30 ದಿನದೊಳಗಿನ ಸಾವಿನ ಸಾಧ್ಯತೆ ಶೇ 7ರಷ್ಟು ಏರುತ್ತದೆ ಎಂದು ಲಿಂಡಾ ಐಕನ್ ಅವರ ತಂಡ 2002ರಲ್ಲೇ ತೋರಿಸಿದೆ. ಮೀಸಲು ನರ್ಸ್ ಎಂದರೆ ಸುಮ್ಮನೆ ಕೂತು ಸಂಬಳ ಎಣಿಸುವವರಲ್ಲ.

ದುಡ್ಡಿಗಿಂತ ಮೊದಲು ಬೇಕಾದದ್ದು ಒಂದು ಸುತ್ತೋಲೆ. ಕಾಯಿಲೆ ಬಿದ್ದವರು ಹೇಳಬೇಕಾದದ್ದು ‘ನನಗೆ ಹುಷಾರಿಲ್ಲ’ ಎಂದಷ್ಟೇ, ಬದಲಿ ವ್ಯವಸ್ಥೆ ಮಾಡುವುದು ವೈದ್ಯಾಧಿಕಾರಿಯ, ಅವರಿಂದಾಗದಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿಯ ಹೊಣೆ ಎಂದು ಬರವಣಿಗೆಯಲ್ಲಿ ಬರಲಿ. ಡ್ರೈವರಿಗೆ ಜ್ವರವೆಂದು ಮುಳಬಾಗಿಲು ಡಿಪೊದ ಬಸ್ಸು ಹೊರಡದಿದ್ದರೆ ನಾವು ಡಿಪೊ ಮ್ಯಾನೇಜರನ್ನು ಕೇಳುತ್ತೇವೆ. ಮಲಗಿರುವ ಡ್ರೈವರ್ ತಾನೇ ಇನ್ನೊಬ್ಬ ಡ್ರೈವರನ್ನು ಹುಡುಕಿ ಕಳಿಸಲಿಲ್ಲವೇಕೆ ಎಂದು ಯಾರೂ ಕೇಳುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ತುಂಬ ಒಳ್ಳೆಯ ತೀರ್ಮಾನ. ಆದರೆ ಮೂವರು ಹೆಣ್ಣುಮಕ್ಕಳು ನಡೆಸುವ ಆಸ್ಪತ್ರೆಯಲ್ಲಿ ವರ್ಷಕ್ಕೆ 36 ದಿನ ಡ್ಯೂಟಿಗೆ ಯಾರು ಎಂಬುದನ್ನು ಹೇಳದಿದ್ದರೆ, ಅದು ಅಳುಕಲು ಇನ್ನೂ ಹನ್ನೆರಡು ದಿನ ಕೊಟ್ಟಂತಾಗುತ್ತದೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿವೆ, ಅದರಲ್ಲಿ ಊರಿನ ಪ್ರತಿನಿಧಿಗಳೂ ಕೂರುತ್ತಾರೆ. ಮಾತ್ರೆ ಇದೆಯೇ, ನೀರು ಬರುತ್ತದೆಯೇ, ಶೌಚಾಲಯ ಸರಿಯಿದೆಯೇ ಎಂದು ಕೇಳುವ ಆ ಸಭೆಯಲ್ಲಿ ಗೋಡೆಯ ಮೇಲಿನ ಡ್ಯೂಟಿ ಪಟ್ಟಿಯನ್ನೂ ತರಿಸಿಕೊಂಡು ಓದಲಿ: ಈ ತಿಂಗಳು ಯಾರು ಎಷ್ಟು ನೈಟ್ ಮಾಡಿದ್ದಾರೆ, ಯಾರ ವಾರದ ರಜೆ ಎಷ್ಟು ತಪ್ಪಿದೆ, ನಾಳೆ ಒಬ್ಬರಿಗೆ ಜ್ವರ ಬಂದರೆ ರಾತ್ರಿ ಎಂಟಕ್ಕೆ ಯಾರು ಬರುತ್ತಾರೆ. ಉತ್ತರ ಸಿಗದಿದ್ದರೆ ಅದನ್ನು ನಡಾವಳಿಯಲ್ಲಿ ಬರೆದು ಜಿಲ್ಲಾ ಆರೋಗ್ಯಾಧಿಕಾರಿಗೆ ಕಳಿಸಲಿ, ಮುಂದಿನ ತಿಂಗಳು ಮತ್ತೆ ಕೇಳಲಿ.